ಗಂಗೊಳ್ಳಿಯ ಅಳಿವೆಯಲ್ಲಿ ಒಂದು ಬೆಳಗು

ಹಳೆಯ ವಿದ್ಯಾರ್ಥಿನಿಯರು ಸ್ಮರಣಸಂಚಿಕೆಗೆ ಏನನ್ನಾದರೂ ಬರೆದು ಕಳುಹಿಸಬೇಕೆಂಬ ಪತ್ರವು ನನ್ನ ಕೈಸೇರಿದಾಗ, ಬರೆಯತಕ್ಕದ್ದು ನನ್ನಲ್ಲಿ ಏನಿದೆಯೆಂದು ಬಹಳ ಹೊತ್ತು ಯೋಚಿಸಿದೆನು. ನಮ್ಮ ಉಪಾಧ್ಯಾಯಿನಿಯರ ಗುಣಗಳನ್ನೂ, ಬೆಳಗಿನ ಘಂಟೆಯನ್ನೂ, ಬಾವಿಕಟ್ಟೆಯ ಹರಟೆಯನ್ನೂ ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ಆದುದರಿಂದ ನಾನು ಒಂದು ರಜೆಯ ದಿನದ ಸಂಗತಿಯನ್ನು ಹೇಳುವೆನು. ಇದಕ್ಕೂ ಶಾಲೆಗೂ ಏನು ಸಂಬಂಧವೆಂದು ಮೊದಲಿಗೆ ತೋರಬಹುದು. ಸ್ವಲ್ಪ ತಾಳ್ಮೆಯಿಂದ ಓದಿದರೆ ನಮ್ಮ ವಸತಿಗೃಹದ ಹಿಂದಿನ ಗೋಡೆಯವರೆಗೆ ಇದು ಬಂದು ಮುಟ್ಟುವುದು.

2019ನೆಯ ಇಸವಿಯ ಕ್ರಿಸ್‌ಮಸ್ ರಜೆಯಲ್ಲಿ ನಾವು ಐದು ಮಂದಿ ದಾವಣಗೆರೆಯಿಂದ ಕುಂದಾಪುರಕ್ಕೆ ಹೊರಟೆವು. ನನ್ನ ಯಜಮಾನರು, ನಾನು, 15 ವರ್ಷದ ಮಗ, 11 ವರ್ಷದ ಮಗಳು, ಇವರೊಡನೆ ನನ್ನ ಅವ್ವ. ಅವ್ವನಿಗೆ ಆಗ 74 ವರ್ಷ. ನಮ್ಮ ತಂದೆಯವರು ತೀರಿಹೋಗಿ ಎರಡು ವರ್ಷಗಳಾಗಿದ್ದವು. ಅವರು ಬದುಕಿರುವಾಗ ಅವ್ವನಿಗೆ ಸಮುದ್ರವನ್ನು ತೋರಿಸುವೆನೆಂದು ಪ್ರತಿವರ್ಷವೂ ಹೇಳುತ್ತಿದ್ದರು. ಪ್ರತಿವರ್ಷವೂ ಏನಾದರೊಂದು ಅಡ್ಡಿ ಬರುತ್ತಿದ್ದಿತು. ಅವರ ಮಾತನ್ನು ನಾನು ನಡೆಸಿಕೊಟ್ಟೆನೆಂದು ಜಂಬ ಕೊಚ್ಚಿಕೊಳ್ಳಲಾರೆ. ಆ ವಾರ ತಮ್ಮನ ಮನೆಯವರು ಬೇರೆ ಊರಿಗೆ ಹೋಗುವವರಿದ್ದುದರಿಂದ ಅವ್ವನನ್ನು ಒಬ್ಬಳನ್ನೇ ಬಿಡಲಾಗದೆ ಜೊತೆಗೆ ಕರೆದುಕೊಂಡೆವು. ಇದ್ದುದನ್ನು ಇದ್ದಂತೆ ಹೇಳುವುದು ಲೇಸು.

ಶಿವಮೊಗ್ಗೆಯನ್ನು ದಾಟಿ ನಮ್ಮ ಕಾರು ಮಾಸ್ತಿಕಟ್ಟೆಯ ಕಡೆಗೆ ಬಂದಾಗ ಅವ್ವ ಕಿಟಕಿಯ ಗಾಜನ್ನು ಇಳಿಸಿ, "ಇಲ್ಲಿ ಒಂದು ಗಳಿಗೆ ನಿಲ್ಲಿಸ್ತಾರಾ ಕೇಳು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅಳಿಯನನ್ನು ತಾನೇ ಕೇಳಲು ಅವಳಿಗೆ ಸಂಕೋಚ. ಅವಳ ತವರು ಹೊಸನಗರ ತಾಲೂಕಿನ ಆ ಭಾಗದ ಒಂದು ಹಳ್ಳಿ. 1980ರ ದಶಕದಲ್ಲಿ ವಾರಾಹಿ ವಿದ್ಯುತ್ ಯೋಜನೆಗಾಗಿ ಮಾಣಿಯಲ್ಲಿ ಅಣೆಕಟ್ಟು ಎದ್ದಾಗ ಅವರ ಗದ್ದೆಗಳೂ ಮನೆಯ ಮುಂದಿನ ಹಳ್ಳವೂ ನೀರಿನಡಿಗೆ ಹೋಗಿದ್ದವು. ಇದೆಲ್ಲವೂ ನನಗೆ ಗೊತ್ತಿದ್ದಿತು. ಆದರೂ, "ಹೊತ್ತಾಗುತ್ತೆ ಅವ್ವ, ಸೂರ್ಯಾಸ್ತದೊಳಗೆ ಕಡಲು ನೋಡ್ಬೇಕು," ಎಂದುಬಿಟ್ಟೆನು. ಅವಳು ಗಾಜನ್ನು ಏರಿಸಿಕೊಂಡಳು. ನಾವು ಹುಲಿಕಲ್ ಘಾಟಿಯನ್ನು ಇಳಿದೆವು.

ಕುಂದಾಪುರವನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಆ ಊರಿಗೆ ಮೂರು ಕಡೆಯಲ್ಲಿಯೂ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳು ಊರಿನ ಬಳಿ ಕೂಡಿ ಒಂದಾಗಿ ಕಡಲನ್ನು ಸೇರುವುದರಿಂದ ಆ ನೀರಿಗೆ ಪಂಚಗಂಗಾವಳಿ ಎಂದು ಹೆಸರು. ನದಿಗಳು ಕಡಲನ್ನು ಸೇರುವ ಬಾಯಿಯೇ ಅಳಿವೆ. ಅಳಿವೆಯ ಬಡಗಣ ದಂಡೆಯಲ್ಲಿ ಗಂಗೊಳ್ಳಿ, ತೆಂಕಣ ದಂಡೆಯಲ್ಲಿ ಕೋಡಿ. ಗಂಗೊಳ್ಳಿಯು ಮೀನುಗಾರರ ಊರು. ಅಲ್ಲಿ ಕೊಂಕಣಿಯಾಡುವ ಖಾರ್ವಿಗಳೂ, ಕನ್ನಡವಾಡುವ ಮೊಗವೀರರೂ ತಲೆತಲಾಂತರದಿಂದ ಇದೇ ನೀರಿನಲ್ಲಿ ಬದುಕಿದ್ದಾರೆ. ಡಿಸೆಂಬರಿನಲ್ಲಿಯೂ ಅಲ್ಲಿ ಹಗಲು ಬೆವರು ಹರಿಯುವುದು. ನಾವು ತಂದ ಶಾಲುಗಳು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ಎರಡನೆಯ ದಿನ ಮಗನಿಗೆ ಗಾಳ ಹಾಕಿ ಮೀನು ಹಿಡಿಯಬೇಕೆಂಬ ಹಟ ಹಿಡಿಯಿತು. ನನ್ನ ಯಜಮಾನರಿಗೂ ಒಳಗೊಳಗೆ ಅದೇ ಆಸೆ. ವಿಚಾರಿಸಲಾಗಿ ಗಂಗೊಳ್ಳಿಯ ಮೊಗವೀರರೊಬ್ಬರು ತಮ್ಮ ಸಣ್ಣ ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದರು. ಬೆಳಗಿನ ಐದೂವರೆಗೆ ದಡದಲ್ಲಿರಬೇಕೆಂದೂ, ಆಮೇಲೆ ಬಂದರೆ ತಾವು ಹೊರಡುವುದಿಲ್ಲವೆಂದೂ ಕಟ್ಟುನಿಟ್ಟಾಗಿ ಹೇಳಿದರು. ಅವ್ವನಿಗೆ ಮೊಣಕಾಲಿನ ನೋವಿದ್ದಿತು. ದೋಣಿ ಹತ್ತಿ ಇಳಿಯುವುದು ಅವಳಿಂದಾಗದೆಂದು ನಾನೇ ತೀರ್ಮಾನಿಸಿ, ಅವಳನ್ನು ಬಿಡಾರದಲ್ಲಿಯೇ ಬಿಟ್ಟುಹೋಗುವ ಏರ್ಪಾಡು ಮಾಡಿದೆನು. ಆದರೆ ಬೆಳಗಿನ ಜಾವ ಎದ್ದು ನೋಡಿದರೆ ಅವ್ವ ಮಿಂದು, ಸೀರೆಯನ್ನು ಮೇಲಕ್ಕೆತ್ತಿ ಬಿಗಿದುಟ್ಟು, ಬಾಗಿಲ ಬಳಿ ಕುಳಿತಿದ್ದಳು. "ದಡದ ತನಕ ಬರ್ತೀನಿ. ನೀವು ಹೋಗೋದು ನೋಡಿ ಅಲ್ಲೇ ಕೂತಿರ್ತೀನಿ," ಎಂದಳು.

ದಡದಲ್ಲಿ ದೋಣಿಯವರು ಮಕ್ಕಳಿಗೆ ಲೈಫ್ ಜಾಕೆಟ್ಟುಗಳನ್ನು ಕಟ್ಟುತ್ತ, ಕಲ್ಲಿನ ಮೇಲೆ ಕುಳಿತ ಅವ್ವನನ್ನು ನೋಡಿ, "ಅಮ್ಮನ್ನ ಎಂತಕ್ಕೆ ಬಿಟ್ಟಿಕ್ ಹೋಪ್ದ್? ಬರ್ಲಿ ಮಾರಾಯ್ರೆ!" ಎಂದರು. ನಾನು ಮೊಣಕಾಲಿನ ಸಂಗತಿಯನ್ನು ವಿವರಿಸುತ್ತಿರುವಷ್ಟರಲ್ಲಿಯೇ ಅವ್ವ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ನೀರಿಗಿಳಿದು, ದೋಣಿಯ ಅಂಚಿನ ಮೇಲೆ ಕೈಯೂರಿ ಒಳಗೆ ಬಂದು ಕುಳಿತಾಯಿತು. ನಾನು ಹತ್ತುವಾಗ ದೋಣಿಯು ಬಹಳ ಅಲುಗಾಡಿತು. ಅವಳು ಹತ್ತಿದಾಗ ಅಷ್ಟು ಅಲುಗಾಡಿರಲಿಲ್ಲ.

ಇನ್ನೂ ಬೆಳಕು ಹರಿಯುತ್ತಿದ್ದಿತು. ಇಳಿತದ ಕೊನೆಯ ನೀರು ಕಡಲಿನ ಕಡೆಗೆ ಹರಿಯುತ್ತಿದ್ದಿತು. ಅಳಿವೆಯ ಬಾಯಿಯಲ್ಲಿ ಬಿಳಿಯ ನೊರೆಯು ಎದ್ದೆದ್ದು ಬೀಳುವುದು ದೂರದಿಂದಲೇ ಕಾಣುತ್ತಿದ್ದಿತು. ನನ್ನ ಯಜಮಾನರು ಕಡಲಿನೊಳಗೇ ಹೋಗೋಣವೆಂದೂ, ಬೇಕಾದರೆ ಇನ್ನಷ್ಟು ಹಣ ಕೊಡುವುದಾಗಿಯೂ ಹೇಳಿದರು. "ಈಗ ಅಳ್ವಿ ದಾಂಟುಕಾಗ," ಎಂದು ದೋಣಿಯವರು ಒಂದೇ ಮಾತಿನಲ್ಲಿ ಮುಗಿಸಿದರು. ಹೊರಹೋಗುವ ನೀರು ಒಳಬರುವ ತೆರೆಗೆ ಎದುರಾದಾಗ ತೆರೆಯು ಕಡಿದಾಗಿ ನಿಲ್ಲುವುದಂತೆ. ಕೆಳಗೆ ಮರಳಿನ ದಿಬ್ಬವಿರುವುದರಿಂದ ಅಲ್ಲಿಯೇ ಮುರಿಯುವುದಂತೆ. ಇಂಥ ಹೊತ್ತಿನಲ್ಲಿ ಸಣ್ಣ ದೋಣಿ ಮಗುಚಲು ಒಂದು ತೆರೆ ಸಾಕಂತೆ. ನನ್ನ ಯಜಮಾನರು ಕೊಂಚ ಮುಖ ಚಿಕ್ಕದು ಮಾಡಿಕೊಂಡರು. ನಾನೂ, "ಇಷ್ಟು ದೂರ ಬಂದಿದ್ದೀವಿ, ಸ್ವಲ್ಪ ಹೋಗಿ ಬರಬಹುದಿತ್ತು," ಎಂದು ಗೊಣಗಿದೆನು. ಮಕ್ಕಳಿಬ್ಬರೂ ದೋಣಿಯಲ್ಲಿರುವಾಗ ನಾನು ಆಡಿದ ಆ ಮಾತನ್ನು ನೆನೆದರೆ ಈಗಲೂ ನನಗೆ ಮೈ ನಡುಗುವುದು.

ಒಳಗಿನ ನೀರಿನಲ್ಲಿಯೇ, ಮರಳಿನ ಒಂದು ದಿಣ್ಣೆಯ ಪಕ್ಕದಲ್ಲಿ ಲಂಗರು ಹಾಕಿದೆವು. ಭರತವು ಏರತೊಡಗಿದರೆ ಮೀನು ಕಡಲಿನಿಂದ ಅದರೊಡನೆ ಮೇಯಲು ಒಳಗೆ ಬರುವುದು. ಅದಕ್ಕಾಗಿಯೇ ಆ ಐದೂವರೆಯ ಕಟ್ಟುನಿಟ್ಟು. ಭರತ ಇಳಿತಗಳು ದಿನಕ್ಕೆ ಸುಮಾರು 50 ನಿಮಿಷಗಳಷ್ಟು ತಡವಾಗುತ್ತ ಹೋಗುವುದರಿಂದ ಮೀನುಗಾರನ ಗಡಿಯಾರವು ನಮ್ಮ ಗಡಿಯಾರದೊಡನೆ ಎಂದಿಗೂ ಹೊಂದದು. ದೋಣಿಯವರು ಎಲ್ಲರಿಗೂ ಒಂದೊಂದು ಗಾಳದ ದಾರವನ್ನು ಕೊಟ್ಟರು. ಕೋಲಿಲ್ಲ, ಚಕ್ರವಿಲ್ಲ, ನೈಲಾನಿನ ದಾರ, ತುದಿಯಲ್ಲಿ ಸೀಸದ ಗುಂಡು, ಒಂದು ಸಣ್ಣ ಕೊಕ್ಕೆ, ಕೊಕ್ಕೆಗೆ ಸಿಗಡಿಯ ತುಂಡು, ಇಷ್ಟೆ. ಅವ್ವನಿಗೆ ಮಾತ್ರ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಕಾಯುತ್ತಿರುವಾಗ ದೋಣಿಯವರು ತಮ್ಮ ತಂದೆಯ ಕಾಲದ ರಂಪಣಿಯ ಕಥೆಯನ್ನು ಹೇಳಿದರು. ದಡದಿಂದ ಹೊರಟು ಕಡಲನ್ನು ಬಳಸಿ ಮತ್ತೆ ದಡಕ್ಕೆ ಬರುವ ಆ ಮಹಾಬಲೆಯನ್ನು ಹತ್ತಾರು ಜನ ಎರಡು ಕಡೆಯಿಂದಲೂ ಹಗ್ಗ ಹಿಡಿದು ಎಳೆಯುತ್ತಿದ್ದರು. ಬಂಗುಡೆ ರಾಶಿರಾಶಿಯಾಗಿ ಬಂದಾಗ ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಕೊನೆಯ ವರ್ಷಗಳಲ್ಲಿ ಯಂತ್ರದೋಣಿಗಳು ಪರ್ಸೀನ್ ಬಲೆಯನ್ನು ತಂದು ಮೀನಿನ ಹಿಂಡನ್ನು ನಡುಗಡಲಿನಲ್ಲಿಯೇ ಸುತ್ತುಗಟ್ಟಿ ಎತ್ತತೊಡಗಿದ ಮೇಲೆ ದಡದವರೆಗೆ ಮೀನು ಬರುವುದು ಕಡಮೆಯಾಗಿ ರಂಪಣಿಯೂ ಕ್ಷೀಣಿಸಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯಬಾರದೆಂದು ಕಾನೂನಿದೆ. ಮೀನು ಮರಿಮಾಡಲಿ ಎಂಬುದಕ್ಕಾಗಿ. ಇದನ್ನು ಕೇಳುತ್ತಿದ್ದ ಅವ್ವ ಮೊದಲ ಸಲ ಬಾಯಿ ತೆರೆದು, "ನಾವು ಆಗಲೇ ಹಿಡೀತಿದ್ದದ್ದು," ಎಂದಳು. ಅದರ ಅರ್ಥವೇನೆಂದು ನಾವು ಯಾರೂ ಕೇಳಲಿಲ್ಲ. ಏಕೆಂದರೆ ಅದೇ ಗಳಿಗೆಯಲ್ಲಿ ಮಗನ ದಾರವು ಜಗ್ಗಿತು.

ಮಗ ಕೂಗಿಕೊಂಡು ಭರದಿಂದ ಎಳೆದನು. ಕೊಕ್ಕೆ ಬರಿದಾಗಿ ಬಂದಿತು. ನನ್ನ ಯಜಮಾನರದೂ ಹಾಗೆಯೇ. "ಎಳುಕಾಗ, ಎಳುಕಾಗ!" ಎಂದು ದೋಣಿಯವರು ಎಷ್ಟು ಹೇಳಿದರೂ ದಾರ ಅಲುಗಿದೊಡನೆ ನಮ್ಮ ಕೈಗಳು ನಮ್ಮ ಮಾತನ್ನು ಕೇಳುತ್ತಿರಲಿಲ್ಲ. ಮಗಳಿಗೆ ಒಂದು ಮೀನು ಸಿಕ್ಕಿತು. ಆದರೆ ಅದು ದೋಣಿಗೆ ಬಂದೊಡನೆ ಗಾಳಿಯನ್ನು ನುಂಗಿ ಚೆಂಡಿನಂತೆ ಉಬ್ಬಿ ಕಣ್ಣು ಬಿಟ್ಟು ಕುಳಿತಿತು. ಅದು ವಿಷದ ಮೀನೆಂದು ದೋಣಿಯವರು ಕೊಕ್ಕೆ ಬಿಡಿಸಿ ನೀರಿಗೆ ಎಸೆದರು. ಅದು ಸ್ವಲ್ಪ ಹೊತ್ತು ತೇಲುತ್ತಿದ್ದು, ತಟ್ಟನೆ ಚಿಕ್ಕದಾಗಿ ಮುಳುಗಿಹೋಯಿತು. ಮಗಳು ನಕ್ಕು ನಕ್ಕು ಸಾಕಾಗಿ ದಾರವನ್ನು ಅಜ್ಜಿಯ ಕೈಗೆ ಕೊಟ್ಟು ತಿಂಡಿಯ ಪೊಟ್ಟಣವನ್ನು ಬಿಚ್ಚಿದಳು.

ಅವ್ವ ದಾರವನ್ನು ಹಿಡಿದ ರೀತಿಯನ್ನು ನಾನು ಬಣ್ಣಿಸಬೇಕು. ನಾವೆಲ್ಲರೂ ಮುಷ್ಟಿಯಲ್ಲಿ ಹಿಡಿದಿದ್ದೆವು. ಅವಳು ತೋರುಬೆರಳಿನ ಮೇಲೆ ದಾರವನ್ನು ಸುಮ್ಮನೆ ಹಾಯಿಸಿ, ಹೆಬ್ಬೆರಳನ್ನು ಮೆಲ್ಲನೆ ಅದರ ಮೇಲಿಟ್ಟು, ನೀರನ್ನು ನೋಡದೆ, ಎದುರಿನ ದಡದ ತೆಂಗಿನ ಮರಗಳನ್ನು ನೋಡುತ್ತ ಕುಳಿತಳು. ಹಾಲು ಕಾಯಲಿಟ್ಟು ಬೇರೆ ಕೆಲಸ ಮಾಡುವಾಗ ಹೆಂಗಸರ ಮುಖದಲ್ಲಿ ಒಂದು ಬಗೆಯ ಎಚ್ಚರವಿರುವುದಷ್ಟೆ, ಅದೇ ಎಚ್ಚರ ಅವಳ ಮುಖದಲ್ಲಿದ್ದಿತು. ಬೆರಳು ಒಂದು ಸಲ ಅಲುಗಿತು, ಅವಳು ಅಲುಗಲಿಲ್ಲ. ಇನ್ನೊಂದು ಸಲ, ಆಗಲೂ ಸುಮ್ಮನಿದ್ದಳು. ಮೂರನೆಯ ಸಲ ಕೈಯನ್ನು ಒಂದು ಗೇಣಿನಷ್ಟು ಮಾತ್ರ ಹಿಂದಕ್ಕೆ ತೆಗೆದಳು. ದಾರವು ಬಿಗಿಯಾಯಿತು. ಆಮೇಲೆ ಅವಸರವಿಲ್ಲದೆ, ಬಾವಿಯಿಂದ ನೀರು ಸೇದುವಂತೆ, ಕೈಮೇಲೆ ಕೈಯಿಟ್ಟು ಎಳೆದುಕೊಂಡಳು. ಗೇಣುದ್ದಕ್ಕಿಂತ ಮಿಗಿಲಾದ, ನೀಳವಾದ, ಬೆಳ್ಳಿಯ ಹೊಳಪಿನ ಕಾಣೆಮೀನು ದೋಣಿಯಲ್ಲಿ ಬಂದು ಬಿದ್ದಿತು. ಕಾಣೆಯು ಮರಳಿನಲ್ಲಿ ಹೂತುಕೊಂಡು ಅಡಗುವ ಮೀನು. ಅದರ ಬಾಯಿ ಸಣ್ಣದು, ಕಚ್ಚುವುದೂ ಬಹು ಮೆಲ್ಲಗೆ. ಗಡಿಬಿಡಿಯವರಿಗೆ ಸಿಕ್ಕುವುದಲ್ಲ.

"ಅಮ್ಮ, ನಿಮ್ಗ್ ಗೊತ್ತಿತ್ತಲ್ದಾ!" ಎಂದು ದೋಣಿಯವರು ಕಣ್ಣರಳಿಸಿದರು.

"ಈ ದಾರ ಹೊಸದು. ಕೈ ಹಳೇದು," ಎಂದು ಅವ್ವ ನಕ್ಕಳು.

ಆ ಬೆಳಗು ಅವಳು ಏಳು ಕಾಣೆಗಳನ್ನು ಹಿಡಿದಳು. ನಮ್ಮೆಲ್ಲರದೂ ಸೇರಿ ಎರಡು. ನಡುನಡುವೆ ಕಥೆಯು ತುಂಡುತುಂಡಾಗಿ ಹೊರಬಿದ್ದಿತು. ನಾವು ಕೇಳಿದ್ದರಿಂದಲ್ಲ, ಮಗಳು ಅಜ್ಜಿಯನ್ನು ಬಿಡದೆ ಕಾಡಿದ್ದರಿಂದ. ತವರಿನ ಹಳ್ಳದಲ್ಲಿ ಚಿಕ್ಕವಳಿರುವಾಗ ಅವಳು ತನ್ನ ಅಣ್ಣನೊಡನೆ ಗಾಳ ಹಾಕುತ್ತಿದ್ದಳಂತೆ. ಮುಂಗಾರಿನ ಮೊದಲ ಮಳೆಗೆ ಹಳ್ಳ ಕೆಂಪಾಗಿ ಬಂದು ಗದ್ದೆಗಳೆಲ್ಲ ತುಂಬಿದಾಗ ಮೀನುಗಳು ಹೊಳೆಯನ್ನು ಬಿಟ್ಟು ಹರಿವಿಗೆ ಎದುರಾಗಿ ಗದ್ದೆಗಳಿಗೆ ಹತ್ತಿ ಬರುತ್ತವೆ. ಮಲೆನಾಡಿನವರು ಅವನ್ನು ಹತ್ತುಮೀನೆಂದು ಕರೆಯುತ್ತಾರೆ. ರಾತ್ರಿ ಲಾಟೀನು ಹಿಡಿದು, ಗದ್ದೆಯ ಬದುವಿನಿಂದ ನೀರು ಬೀಳುವ ಕಡೆ ಬಿದಿರಿನ ಕೂಣಿಯನ್ನು ಒಡ್ಡಿಟ್ಟರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತಿದ್ದಿತಂತೆ. "ಮೊಟ್ಟೆ ಇಡೋಕೆ ಬರ್ತಿದ್ದವು ಪಾಪ. ಹೊಟ್ಟೆ ತುಂಬ ಮೊಟ್ಟೆ. ನಾವು ಅದನ್ನೂ ಬಿಡ್ತಿರಲಿಲ್ಲ," ಎಂದಳು. ಮುಂಚೆ ಆಡಿದ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಕಡಲಿನವರಿಗೆ 61 ದಿನಗಳ ನಿಯಮವುಂಟು. ಹಳ್ಳದ ಮೀನಿನ ಪರವಾಗಿ ಆ ಮಳೆಯ ರಾತ್ರಿಗಳಲ್ಲಿ ಹೇಳುವವರು ಯಾರಿದ್ದರು?

ಮದುವೆಯಾಗಿ ಪೇಟೆಗೆ ಬಂದ ಮೇಲೆ ಅವಳು ಗಾಳವನ್ನು ಮುಟ್ಟಲಿಲ್ಲ. ಕಚೇರಿಗೆ ಹೋಗುವವರ ಹೆಂಡತಿ ಕೆರೆಯ ದಂಡೆಯಲ್ಲಿ ಕುಳಿತರೆ ಜನ ಏನೆಂದಾರು ಎಂದು ನಮ್ಮ ಅಜ್ಜಿ ಹೇಳಿದ್ದಳಂತೆ. ತಂದೆಯವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ನಾನು ಆ ಮನೆಯಲ್ಲಿಯೇ ಹುಟ್ಟಿ ಬೆಳೆದೆನು. 49 ವರ್ಷಗಳಲ್ಲಿ ಇದರ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಷ್ಟು ಹೊತ್ತಿಗೆ ಭರತವು ಚೆನ್ನಾಗಿ ಏರಿ ಮರಳಿನ ದಿಣ್ಣೆ ಮುಚ್ಚಿಹೋಗಿದ್ದಿತು. ಅವ್ವ ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ, "ಇದರಲ್ಲಿ ವಾರಾಹಿ ಯಾವುದು?" ಎಂದು ಕೇಳಿದಳು. ಎಲ್ಲವೂ ಬೆರೆತುಹೋಗಿದೆಯೆಂದು ದೋಣಿಯವರು ಹೇಳಿ, ಮೂಡಣ ದಿಕ್ಕಿಗೆ ಕೈತೋರಿಸಿದರು. ಮಾಣಿಯಲ್ಲಿ ತಡೆದ ನೀರು ಬೆಟ್ಟದ ಒಡಲಿನೊಳಗಿನ ವಿದ್ಯುದಾಗಾರವನ್ನು ಹಾದು, ಮತ್ತೆ ವಾರಾಹಿಯನ್ನು ಕೂಡಿ, ಇಲ್ಲಿಗೇ ಬರುವುದೆಂದು ನನ್ನ ಯಜಮಾನರು ವಿವರಿಸಿದರು. "ಹಾಗಾದ್ರೆ ನಮ್ಮ ಹಳ್ಳಾನೂ ಇಲ್ಲೇ ಬರ್ತದೆ ಅನ್ನಿ," ಎಂದು ಅವ್ವ ಅಳಿಯನನ್ನೇ ನೇರವಾಗಿ ಕೇಳಿದಳು. ಅವರು ಹೌದೆಂದರು.

ಇನ್ನು ನಮ್ಮ ವಸತಿಗೃಹದ ಗೋಡೆಯ ವಿಷಯ. ದೋಣಿಯವರು ಹಿಡಿದ ಮೀನುಗಳನ್ನು ಮುಚ್ಚಳವಿರುವ ಒಂದು ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ಅವ್ವ ಅದನ್ನು ನೋಡುತ್ತ, "ಇಂಥದೇ ಒಂದು ಡಬ್ಬಿ ನಿನ್ನ ಹಾಸ್ಟೆಲ್ಲಿಗೆ ತಂದಿದ್ದೆ, ನೆನಪಿದೆಯಾ?" ಎಂದಳು.

ನೆನಪಿದ್ದಿತು. ನಾನು 1983ರಿಂದ 1986ರವರೆಗೆ ನಮ್ಮ ಶಾಲೆಯಲ್ಲಿದ್ದೆನು. ಎಂಟನೆಯ ತರಗತಿಯಲ್ಲಿ ಸೇರಿದ ವರ್ಷ, ಮನೆಯವರು ನೋಡಲು ಬರುವ ಒಂದು ಶನಿವಾರ, ಅವ್ವ ಎರಡು ಬಸ್ಸುಗಳನ್ನು ಬದಲಿಸಿ ಒಣಸಿಗಡಿಯ ಚಟ್ನಿಪುಡಿಯನ್ನು ಬಿಸ್ಕತ್ತಿನ ಡಬ್ಬಿಯ ತುಂಬ ತಂದಿದ್ದಳು. ಮುಚ್ಚಳ ತೆಗೆದಾಗ ಪಕ್ಕದ ಮಂಚದ ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಇಂಥದನ್ನು ಇನ್ನು ಮುಂದೆ ತರಬೇಡವೆಂದು ನಾನು ಅವ್ವನಿಗೆ ಮುಖ ಮುರಿದಂತೆ ಹೇಳಿದೆನು. ಅವಳು ಹೋದ ಮೇಲೆ ಡಬ್ಬಿಯನ್ನು ಸೆರಗಿನಲ್ಲಿ ಮರೆಮಾಡಿ ಹಿಂದಿನ ಹುಣಿಸೆಯ ಮರದವರೆಗೆ ಕೊಂಡುಹೋಗಿ, ಗೋಡೆಯ ಆಚೆಗೆ ಎಸೆದುಬಿಟ್ಟೆನು. ಮುಂದಿನ ಸಲ ಬಂದಾಗ ಅವಳು ಚಕ್ಕುಲಿ ತಂದಳು, ಎಸ್. ಎಸ್. ಎಲ್. ಸಿ. ಮುಗಿಯುವವರೆಗೂ ಚಕ್ಕುಲಿಯನ್ನೇ ತಂದಳು. ಆ ಚಕ್ಕುಲಿಯನ್ನು ನೆನಪಿಟ್ಟಿರುವ ಸೋದರಿಯರು ಈ ಸಂಚಿಕೆಯನ್ನು ಓದುವವರಲ್ಲಿಯೂ ಇರಬಹುದು.

ದೋಣಿಯಲ್ಲಿ, ಮಕ್ಕಳ ಎದುರಿನಲ್ಲಿಯೇ, ನಾನು ಅವ್ವನಿಗೆ ನಿಜವನ್ನು ಹೇಳಿದೆನು. "ಅದನ್ನ ನಾನು ತಿನ್ನಲಿಲ್ಲ ಅವ್ವ. ಗೋಡೆಯಾಚೆ ಎಸೆದುಬಿಟ್ಟೆ."

ಅವಳ ತೋರುಬೆರಳಿನ ಮೇಲೆ ದಾರ ಹಾಗೆಯೇ ಇದ್ದಿತು. "ಗೊತ್ತು," ಎಂದಳು. "ಮುಂದಿನ ತಿಂಗಳು ಬಂದಾಗ ಬಸ್ಸಿಂದ ಇಳಿದು ಆ ಹಿಂದಿನ ದಾರೀಲೇ ಬಂದೆ. ಡಬ್ಬಿ ಅಲ್ಲೇ ಬಿದ್ದಿತ್ತು. ನಾಯಿ ನೆಕ್ಕಿ ನೆಕ್ಕಿ ಫಳಫಳ ಮಾಡಿತ್ತು. ಎತ್ತಿಕೊಂಡು ಹೋದೆ. ಒಳ್ಳೆ ಡಬ್ಬಿ, ಹಾಳು ಮಾಡೋದು ಯಾಕೆ?"

"ಆಮೇಲೆ?"

"ಆಮೇಲೇನು, ತೊಳೆದು ತರಕಾರಿ ಬೀಜ ಹಾಕಿಟ್ಟೆ. ಮಾತಾಡಬೇಡ, ಕಚ್ತಾ ಇದೆ."

ಅದು ಆ ದಿನದ ಏಳನೆಯ ಮೀನು.

ಒಂಬತ್ತರ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಲು ದಡಕ್ಕೆ ಮರಳಿದೆವು. ಬಿಡಾರದಲ್ಲಿ ಬೇಯಿಸಿಕೊಡುವ ಅನುಕೂಲವಿಲ್ಲದಿದ್ದುದರಿಂದ ದೋಣಿಯವರ ಮಡದಿ ತಮ್ಮ ಮನೆಗೇ ಬರಹೇಳಿದರು. ಅಲ್ಲಿ ಅವ್ವ ಹಿತ್ತಲಿನಲ್ಲಿ ಕುಳಿತು ಒಂಬತ್ತು ಮೀನುಗಳನ್ನೂ ತಾನೇ ಹೆರೆದು ಕೊಯ್ದಳು. ಕೆಲವನ್ನು ಹುರಿದರು, ಉಳಿದವಕ್ಕೆ ಹುಳಿಯೂ ತೆಂಗಿನಕಾಯಿಯೂ ಹಾಕಿ ಗಸಿ ಮಾಡಿದರು. ಇಬ್ಬರು ಹೆಂಗಸರಿಗೂ ಮಸಾಲೆಯ ವಿಷಯದಲ್ಲಿ ಸಣ್ಣದೊಂದು ಭಿನ್ನಾಭಿಪ್ರಾಯ ಬಂದು, ಕೊನೆಗೆ ಮನೆಯೊಡತಿಯ ಮಾತೇ ನಡೆಯಿತು. ಊಟವಾದ ಮೇಲೆ ಅವ್ವ, "ಉಪ್ಪು ಒಂದು ಕಲ್ಲು ಹೆಚ್ಚಾಯ್ತು," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಹೊರಡುವಾಗ ದೋಣಿಯವರು ಅವಳು ಹಿಡಿದಿದ್ದ ದಾರವನ್ನು ಕೊಕ್ಕೆಯೊಡನೆ ಕಾಗದದಲ್ಲಿ ಸುತ್ತಿ ಅವಳಿಗೇ ಕೊಟ್ಟರು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಹುಲಿಕಲ್ ಘಾಟಿಯನ್ನು ಹತ್ತಿ ಮಾಸ್ತಿಕಟ್ಟೆಯನ್ನು ಸಮೀಪಿಸುತ್ತಿರುವಾಗ, ಯಾರೂ ಹೇಳದೆಯೇ ನನ್ನ ಯಜಮಾನರು ಕಾರನ್ನು ಮರದ ನೆರಳಿಗೆ ನಿಲ್ಲಿಸಿದರು. ಅವ್ವ ಇಳಿದು, ಮೊಮ್ಮಗಳ ಕೈಹಿಡಿದು, ರಸ್ತೆಯ ಅಂಚಿಗೆ ಹೋಗಿ ನಿಂತಳು. ಅಲ್ಲಿಂದ ಅವಳ ಊರಿದ್ದ ಜಾಗ ಕಾಣುವುದಿಲ್ಲ, ಬರಿಯ ಕಾಡು. ಆದರೂ ಅವಳು ಒಂದು ದಿಕ್ಕಿಗೆ ಕೈಮಾಡಿ ಏನನ್ನೋ ಬಹಳ ಹೊತ್ತು ಹೇಳುತ್ತಿದ್ದಳು. ನಾನು ಕಾರಿನ ಬಳಿಯಲ್ಲಿಯೇ ನಿಂತಿದ್ದೆನು. ಏನು ಹೇಳಿದಳೆಂದು ಆಮೇಲೆ ಮಗಳನ್ನು ಕೇಳಲಾಗಿ, "ಕೂಣಿ ಎಲ್ಲಿ ಇಡ್ಬೇಕು ಅಂತ," ಎಂದಳು.